ಹುಲಿ ಗಣತಿ, ಹಕ್ಕಿ ಲೆಕ್ಕ, ಆನೆ ಕಾವಲು: ಕೊಡಗಿನಲ್ಲಿ ನಾನು ಮಾಡಿ ನೋಡಿದ್ದು

ಹುಲಿ ಗಣತಿಗೆ ಹೋಗಿ ಬಂದವರನ್ನು ಎಲ್ಲರೂ ಕೇಳುವುದು ಒಂದೇ ಮಾತು. ‘ಹುಲಿ ಕಂಡ್ತಾ?’

ಕಾಣಲಿಲ್ಲ. ಕಂಡದ್ದು ಅದರ ಹಿಕ್ಕೆ. ಅದೂ ಬಿಸಿಲಿಗೆ ಒಣಗಿ ಬೆಳ್ಳಗಾಗಿತ್ತು. ಕಡ್ಡಿಯಲ್ಲಿ ಬಿಡಿಸಿದರೆ ಒಳಗೆಲ್ಲ ಜಿಂಕೆ ಕೂದಲು. ನಾನು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಆರು ಫೋಟೋ ತೆಗೆದೆ. ಜೊತೆಗಿದ್ದ ಅರಣ್ಯ ಇಲಾಖೆಯ ವಾಚರ್ ನಗು ತಡೆಯಲಾರದೆ ಆ ಕಡೆ ತಿರುಗಿಕೊಂಡರು.

ನಾನು ಒಂದು ಕಾಫಿ ಕ್ಯೂರಿಂಗ್‌ನಲ್ಲಿ (ಕಾಫಿ ಬೀಜ ಹದ ಮಾಡುವ ಕಾರ್ಖಾನೆ) ಲೆಕ್ಕ ಬರೆಯುವವನು. ಮನೆ ಗೋಣಿಕೊಪ್ಪಕ್ಕೂ ತಿತಿಮತಿಗೂ ನಡುವೆ. ಕಾಡಿನ ವಿಷಯ ಓದಿದವನಲ್ಲ. ಆದರೆ 2018ರಿಂದ ಈಚೆಗೆ ಕಾಡು, ಹಕ್ಕಿ, ಹೊಳೆ ಅಂತ ಯಾರು ಸ್ವಯಂಸೇವಕರು ಬೇಕು ಅಂದರೂ ರಜೆ ಹಾಕಿ ಹೋಗಿದ್ದೇನೆ. ಕೆಲವು ಕಡೆ ಮತ್ತೆ ಮತ್ತೆ ಹೋದೆ. ಒಂದು ಕಡೆ ಇನ್ನು ತಲೆ ಹಾಕಲ್ಲ. ಹೋದ ತಿಂಗಳು ಅಕ್ಕನ ಮಗಳು ಮೈಸೂರಿನಿಂದ ಫೋನ್ ಮಾಡಿ, ‘ಮಾಮ, ನಾನೂ ಏನಾದರೂ ಮಾಡಬೇಕು, ಇದರಲ್ಲಿ ಯಾವುದಕ್ಕೆ ಸೇರಲಿ?’ ಅಂದಳು. ಫೋನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆದೆ.

ಲೆಕ್ಕದವನ ಚಟ ಬಿಡುವುದಿಲ್ಲ. ಎಡಗಡೆ ಹೋದದ್ದು, ಬಲಗಡೆ ಬಂದದ್ದು. ಹೋದದ್ದು ಅಂದರೆ ದುಡ್ಡು, ರಜೆ, ಮಂಡಿ ನೋವು. ಬಂದದ್ದರಲ್ಲಿ ನನ್ನ ಖುಷಿಯೂ ಇದೆ, ನಾನು ಬರೆದುಕೊಟ್ಟದ್ದು ಯಾರಿಗಾದರೂ ಉಪಯೋಗಕ್ಕೆ ಬಂತಾ ಅನ್ನುವುದೂ ಇದೆ.

ನಾಗರಹೊಳೆಯಲ್ಲಿ ಆರು ದಿನ

2018ರ ಜನವರಿ. ಕ್ಯೂರಿಂಗ್‌ಗೆ ಅರೇಬಿಕಾ ಕಾಫಿ ಬಂದು ಬೀಳುವ ಕಾಲ. ಒಂದು ವಾರ ರಜೆ ಅಂದಾಗ ಮಾಲೀಕರು ನನ್ನ ಮುಖವನ್ನೇ ನೋಡಿದರು. ಅರಣ್ಯ ಇಲಾಖೆಗೆ ಅರ್ಜಿ ಹಾಕಿ, ಏನಾದರೂ ಆದರೆ ನಾನೇ ಹೊಣೆ ಅಂತ ಮುಚ್ಚಳಿಕೆ ಬರೆದುಕೊಟ್ಟು, ತರಬೇತಿ ಮುಗಿಸಿ ಕಾಡೊಳಗಿನ ಒಂದು ಕಳ್ಳಬೇಟೆ ತಡೆ ಶಿಬಿರಕ್ಕೆ ಹೋದೆ. ಸುತ್ತ ಆನೆ ಕಂದಕ, ಎರಡು ಕೋಣೆ, ಸೌದೆ ಒಲೆ. ಫೋನಿಗೆ ಸಿಗ್ನಲ್ ಇಲ್ಲ. ಊಟಕ್ಕೆ ಅನ್ನ, ಹುರುಳಿ ಸಾರು, ಉಪ್ಪಿನಕಾಯಿ. ರಾತ್ರಿ ಚಳಿಗೆ ಎರಡು ಕಂಬಳಿ ಸಾಲಲಿಲ್ಲ.

ಕೆಲಸ ಎರಡು ಬಗೆ. ಮೊದಲ ಮೂರು ದಿನ ಬೀಟ್‌ನ (ಒಬ್ಬ ಗಾರ್ಡ್ ಕಾಯುವ ಕಾಡಿನ ಭಾಗ) ದಾರಿಗಳಲ್ಲಿ ದಿನಕ್ಕೆ 5 ಕಿಲೋಮೀಟರ್ ನಡೆದು ಹುಲಿ, ಚಿರತೆ, ಕಾಡುನಾಯಿಗಳ ಗುರುತು ಹುಡುಕುವುದು. ಹೆಜ್ಜೆ, ಹಿಕ್ಕೆ, ಮರ ಪರಚಿದ ಗೀರು, ನೆಲ ಕೆರೆದ ಜಾಗ. ಚಿರತೆಯ ಹಿಕ್ಕೆ ಸಣ್ಣ, ಜಾಸ್ತಿ ಸುರುಳಿ ಸುತ್ತಿರುತ್ತದೆ. ಹುಲಿಯದು ದಪ್ಪ, ಸುರುಳಿ ಕಡಿಮೆ. ಕಂಡದ್ದನ್ನೆಲ್ಲ ಹಾಳೆಯಲ್ಲಿ ಬರೆಯಬೇಕು, ಗಾರ್ಡ್ ಫೋನಿನ ಎಂ-ಸ್ಟ್ರೈಪ್ಸ್ ಆ್ಯಪ್‌ಗೂ ಹಾಕಬೇಕು.

ಎರಡನೇ ದಿನ 5 ಕಿಲೋಮೀಟರ್ ನಡೆದರೂ ಏನೂ ಸಿಗಲಿಲ್ಲ. ಒಂದು ಗೀರೂ ಇಲ್ಲ. ‘ಈಗ ಏನು ಬರೆಯೋದು?’ ಅಂತ ಗಾರ್ಡ್ ಹತ್ತಿರ ಕೇಳಿದೆ. ‘ಇಲ್ಲ ಅಂತ ಬರೀರಿ ಸಾರ್. ಇಲ್ಲ ಅನ್ನೋದೂ ಲೆಕ್ಕಾನೇ’ ಅಂದರು.

ನನಗೆ ತಟ್ಟನೆ ಅರ್ಥವಾಯಿತು. ವ್ಯಾಪಾರವೇ ಆಗದ ತಿಂಗಳಲ್ಲೂ ಜಿಎಸ್‌ಟಿಗೆ ನಿಲ್ ರಿಟರ್ನ್, ಅಂದರೆ ಸೊನ್ನೆ ಲೆಕ್ಕ, ಹಾಕುತ್ತೇವೆ, ಅಲ್ವಾ? ಹಾಗೇ. ಹಾಕದಿದ್ದರೆ ಅಂಗಡಿ ಮುಚ್ಚಿದೆಯೋ, ವ್ಯಾಪಾರ ಆಗಿಲ್ಲವೋ, ಬರೆಯುವವನು ಮಲಗಿದ್ದನೋ ಯಾರಿಗೂ ಗೊತ್ತಾಗಲ್ಲ.

ಆಮೇಲಿನ ಮೂರು ಬೆಳಗ್ಗೆ ಗೆರೆಯ ಮೇಲೆ ನಡಿಗೆ. ಕಾಡಿನ ನಡುವೆ ಮೊದಲೇ ಸವರಿ ಗುರುತು ಮಾಡಿದ 2 ಕಿಲೋಮೀಟರ್ ನೇರ ಗೆರೆ. ಬೆಳಕು ಹರಿಯುವಾಗಲೇ ಶುರು. ಮುಂದೆ ವಾಚರ್, ನಡುವೆ ನಾನು, ಹಿಂದೆ ಗಾರ್ಡ್. ಮಾತಿಲ್ಲ. ಕಡವೆ, ಜಿಂಕೆ, ಕಾಟಿ, ಕಾಡುಕುರಿ ಏನು ಕಂಡರೂ ನಿಂತು, ಗುಂಪಿನಲ್ಲಿ ಎಷ್ಟಿವೆ ಎಣಿಸಿ, ದಿಕ್ಸೂಚಿಯಲ್ಲಿ ಕೋನ ನೋಡಿ, ರೇಂಜ್‌ಫೈಂಡರ್‌ನಲ್ಲಿ ದೂರ ಅಳೆಯಬೇಕು. ಪ್ರತಿ 400 ಮೀಟರಿಗೆ ನಿಂತು ಮರ, ಪೊದೆ, ಹಿಕ್ಕೆ ಲೆಕ್ಕ. ದೂರ ಯಾಕೆ ಅಂತ ಮೊದಲ ದಿನ ನನಗೆ ಹೊಳೆದಿರಲಿಲ್ಲ. ಹತ್ತಿರದ ಪ್ರಾಣಿ ಹೆಚ್ಚು ಕಾಣುತ್ತದೆ, ದೂರ ಹೋದಂತೆ ಕಾಣುವುದು ಕಡಿಮೆಯಾಗುತ್ತದೆ. ಎಷ್ಟು ದೂರದಲ್ಲಿ ಎಷ್ಟು ಕಂಡವು ಅಂತ ಗೊತ್ತಿದ್ದರೆ, ಕಣ್ಣಿಗೆ ಬೀಳದೆ ಉಳಿದವು ಎಷ್ಟಿರಬಹುದು ಅಂತ ಅಂದಾಜು ಹಾಕಬಹುದು. ಕಾಣದ್ದನ್ನೂ ಲೆಕ್ಕಕ್ಕೆ ಹಿಡಿಯುವ ಉಪಾಯ.

ಮೂರನೇ ಬೆಳಗ್ಗೆ ಮಂಜಿನೊಳಗೆ ವಾಚರ್ ಕೈ ಎತ್ತಿ ನಿಲ್ಲಿಸಿದರು. ನನಗೆ ಏನೂ ಕಾಣಲಿಲ್ಲ. ಹೊಟ್ಟೆ ಗುಡುಗುಡು ಅನ್ನುವ ಸದ್ದು ಮಾತ್ರ ಕೇಳಿಸಿತು. ಬಿದಿರಿನ ಹಿಂದೆ ಆನೆ. ಮೂವರೂ ಬೆನ್ನು ತಿರುಗಿಸದೆ ಹಿಂದಕ್ಕೆ ಬಂದೆವು. ಆ ವಾಚರ್ ಕಾಲು ಇಟ್ಟರೆ ಎಲೆ ಸದ್ದಾಗುತ್ತಿರಲಿಲ್ಲ. ನನ್ನ ಬೂಟು ಮಾತ್ರ ಹಪ್ಪಳ ಮುರಿದ ಹಾಗೆ.

ಖರ್ಚು ಬಸ್ಸಿನದು ಮಾತ್ರ. ರಜೆ ಎಂಟು ದಿನ, ಸಂಬಳ ಕಟ್. 2019ರ ಜುಲೈ 29ರಂದು ಫಲಿತಾಂಶ ಬಂತು. ಕರ್ನಾಟಕದಲ್ಲಿ 524 ಹುಲಿ. ಅದರಲ್ಲಿ ನನ್ನ ಪಾಲು ಎಷ್ಟು ಅಂತ ಸಹೋದ್ಯೋಗಿಗಳು ತಮಾಷೆ ಮಾಡಿದರು. ಒಂದೂ ಇಲ್ಲ ಅಂತಲೇ ಹೇಳಬೇಕು. ಹುಲಿಯನ್ನು ಒಂದೊಂದಾಗಿ ಗುರುತಿಸುವುದು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದರೆ ತಾನೇ ಕ್ಲಿಕ್ ಆಗುವ ಕ್ಯಾಮೆರಾ) ಫೋಟೋದ ಪಟ್ಟೆಗಳಿಂದ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಆರಂಭದಲ್ಲಿ ಈ ಕ್ರಮವನ್ನು ಮಾಡಿ ತೋರಿಸಿದ್ದು ಇದೇ ನಾಗರಹೊಳೆಯಲ್ಲಿ. ನಾವು ನಡೆದು ಬರೆದ ಹಾಳೆ ಹೇಳುವುದು ಹುಲಿ ಎಲ್ಲೆಲ್ಲಿ ಓಡಾಡುತ್ತದೆ, ಅಲ್ಲಿ ಅದಕ್ಕೆ ತಿನ್ನಲು ಏನಿದೆ ಅನ್ನುವುದನ್ನು. ಅದೂ ಬೇಕು.

ತೊಂದರೆ ಇರುವುದು ಒಂದೇ. ದೇಶವ್ಯಾಪಿ ಗಣತಿ ಬರುವುದು ನಾಲ್ಕು ವರ್ಷಕ್ಕೊಮ್ಮೆ. 2022ರ ಸಲ ರಾಜ್ಯದ ಲೆಕ್ಕ 563ಕ್ಕೆ ಏರಿತು. ಆ ಸಲ ನನಗೆ ಅವಕಾಶ ಸಿಗಲಿಲ್ಲ. ಹಬ್ಬದ ಹಾಗೆ ಇದು. ಹಬ್ಬಕ್ಕೆ ಕಾದು ಕೂತರೆ ದಿನದ ಊಟ?

ದುಡ್ಡು ಕೊಟ್ಟು ಮಾಡಿದ ಸೇವೆ

ಈ ಭಾಗ ಬೇಗ ಮುಗಿಸಬೇಕು ಅಂದುಕೊಂಡಿದ್ದೆ. ಆದರೆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಹುಲಿ ಗಣತಿಯ ಅಮಲಿನಲ್ಲಿ ಇದ್ದಾಗಲೇ ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಕೊಡಗಿನಲ್ಲೇ, ಎರಡು ರಾತ್ರಿ, ‘ವನ್ಯಜೀವಿ ನಿಗಾ ಸ್ವಯಂಸೇವಕ ಶಿಬಿರ’. ಆರೂವರೆ ಸಾವಿರ ರೂಪಾಯಿ. ಪ್ರಮಾಣಪತ್ರ ಸಹಿತ. ಪ್ರಾಣಿ ಖಂಡಿತ ಕಾಣಿಸುತ್ತೇವೆ ಅಂತ ದಪ್ಪ ಅಕ್ಷರದಲ್ಲಿತ್ತು. ಅಲ್ಲೇ ಅನುಮಾನ ಬರಬೇಕಿತ್ತು. ಖಂಡಿತ ಕಾಣಿಸುವುದು ಸರ್ಕಸ್ಸಿನಲ್ಲಿ.

ಹೋಂಸ್ಟೇ ತೋಟದೊಳಗೆ ಕ್ಯಾಮೆರಾ ಟ್ರ್ಯಾಪ್ ಕಟ್ಟುವ ಪಾಠ ಆಯಿತು. ಬೆಳಗ್ಗೆ ತೆಗೆದು ನೋಡಿದರೆ ಅವರದೇ ನಾಯಿ, ನಂತರ ಅಡುಗೆಯವರು, ಮತ್ತೆ ನಾಯಿ. ಆ ಫೋಟೋ ಯಾರಿಗೆ ಕಳಿಸುತ್ತೀರಿ ಅಂತ ಕೇಳಿದೆ. ‘ನಿಮಗೇ ಕಳಿಸ್ತೀವಿ ಸಾರ್, ವಾಟ್ಸಾಪ್‌ನಲ್ಲಿ’ ಅಂದರು. ಎರಡನೇ ದಿನ ‘ಸ್ಥಳೀಯ ಮರ’ ನೆಡುವ ಕಾರ್ಯಕ್ರಮ. ಫೆಬ್ರುವರಿಯಲ್ಲಿ! ನೆಲ ಗುದ್ದಲಿಗೆ ಕಿಡಿ ಹಾರುವಷ್ಟು ಗಟ್ಟಿ. ಸಸಿ ನೋಡಿದರೆ ಸಿಲ್ವರ್ ಓಕ್. ಅದು ಆಸ್ಟ್ರೇಲಿಯಾದಿಂದ ಬಂದ ಮರ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ತೋಟದವರು ನೆಡುವುದು. ಹೊನ್ನೆ, ನೇರಳೆ, ನಂದಿ ಇಲ್ವಾ ಅಂದೆ. ಅವು ನಿಧಾನ ಬೆಳೀತವೆ ಅಂದರು. ಪ್ರಮಾಣಪತ್ರದಲ್ಲಿ ನನ್ನ ಹೆಸರು ತಪ್ಪಾಗಿತ್ತು. ತಿದ್ದಿಸಲು ಹೋಗಲಿಲ್ಲ, ಒಳ್ಳೇದೇ ಆಯಿತು.

ದುಡ್ಡು ತೆಗೆದುಕೊಳ್ಳುವುದೇ ತಪ್ಪು ಅಂತ ನಾನು ಹೇಳಲ್ಲ. ಊಟ, ಮಲಗುವ ಜಾಗ, ಕಲಿಸುವವರ ಸಮಯ ಎಲ್ಲಕ್ಕೂ ಬೆಲೆ ಇದೆ. ನಮ್ಮ ಕುಮಟೂರಿನ ಕೆ.ಎಂ. ಚಿಣ್ಣಪ್ಪನವರು ನಾಗರಹೊಳೆಯ ರೇಂಜರ್ ಕೆಲಸ ಬಿಟ್ಟ ಮೇಲೂ ವರ್ಷಗಟ್ಟಲೆ ಮಕ್ಕಳನ್ನು ಕೂರಿಸಿಕೊಂಡು ಕಾಡಿನ ಶಿಬಿರ ನಡೆಸಿದರು. 2024ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಶಿಬಿರಕ್ಕೆ ಹೋಗಿದ್ದವರು ಇವತ್ತಿಗೂ ಕಾಡಿನಲ್ಲಿ ಜೋರಾಗಿ ಮಾತಾಡುವವರನ್ನು ಕಂಡರೆ ಸಿಡುಕುತ್ತಾರೆ. ಕಲಿತದ್ದು ಅಷ್ಟು ಆಳಕ್ಕೆ ಇಳಿದಿದೆ. ನಾನು ಆರೂವರೆ ಸಾವಿರಕ್ಕೆ ಕಲಿತದ್ದು, ಮೊದಲೇ ಒಂದು ಪ್ರಶ್ನೆ ಕೇಳಬೇಕು ಅಂತ: ‘ನಾವು ಬರೆದದ್ದು ಎಲ್ಲಿಗೆ ಹೋಗುತ್ತದೆ?’

ಹಕ್ಕಿ ಲೆಕ್ಕ

ಇದನ್ನು ಶುರುಮಾಡಿದ್ದು ಹುಲಿಯಷ್ಟು ಆಸೆಯಿಂದಲ್ಲ. ಪಕ್ಕದ ಮನೆಯ ಕಾಲೇಜು ಹುಡುಗ ಫೆಬ್ರುವರಿಯ ಹಿತ್ತಲ ಹಕ್ಕಿ ಎಣಿಕೆಗೆ ಜೊತೆ ಬೇಕು ಅಂದ. ಪ್ರತಿ ವರ್ಷ ನಾಲ್ಕು ದಿನ ಪ್ರಪಂಚದಲ್ಲೆಲ್ಲ ಒಟ್ಟಿಗೆ ನಡೆಯುತ್ತದೆ. ಭಾರತದವರು ಸೇರಿದ್ದು 2013ರಿಂದ. ಅನುಮತಿ ಬೇಡ, ಮುಚ್ಚಳಿಕೆ ಬೇಡ, ರಜೆಯೂ ಬೇಡ. ಒಂದು ಜಾಗದಲ್ಲಿ ಕಡಿಮೆ ಅಂದರೆ 15 ನಿಮಿಷ ಕಂಡ, ಕೇಳಿದ ಎಲ್ಲ ಹಕ್ಕಿಯನ್ನೂ ಎಣಿಸಿ ಹಕ್ಕಿ ಪಟ್ಟಿಯ ಆ್ಯಪ್ ಆದ ಇ-ಬರ್ಡ್‌ಗೆ ಹಾಕುವುದು.

ಎಲ್ಲ ಹಕ್ಕಿ ಅನ್ನುವುದೇ ಮುಖ್ಯ. ಕಾಗೆಯನ್ನೂ ಬಿಡುವಂತಿಲ್ಲ. ಪಟ್ಟಿ ಮುಗಿಸುವಾಗ ಆ್ಯಪ್ ಕೇಳುತ್ತದೆ: ನೀವು ಗುರುತಿಸಿದ ಎಲ್ಲವನ್ನೂ ಬರೆದಿದ್ದೀರಾ? ಹೌದು ಅಂದರೆ, ಪಟ್ಟಿಯಲ್ಲಿ ಇಲ್ಲದ್ದು ನಿಮಗೆ ಸಿಗಲಿಲ್ಲ ಅಂತ ಆಗುತ್ತದೆ. ಮತ್ತೆ ಅದೇ ನಿಲ್ ರಿಟರ್ನ್. ಗುಬ್ಬಿ ಬರೆಯದ ಸಾವಿರ ಪಟ್ಟಿ ಒಟ್ಟಾದರೆ ಗುಬ್ಬಿಯ ಕಥೆ ಗೊತ್ತಾಗುತ್ತದೆ.

ಮೊದಲ ದಿನ ನನ್ನ ಪಟ್ಟಿಯಲ್ಲಿ ಒಂಬತ್ತು ಹಕ್ಕಿ. ಹುಡುಗನದ್ದು ಅದೇ ಜಾಗ, ಅದೇ ಹೊತ್ತು, ಮೂವತ್ತೊಂದು. ತೋಟದಲ್ಲಿ ಹುಟ್ಟಿ ಬೆಳೆದವನು ನಾನು. ದಿನಾ ಕುಟ್ರು ಹಕ್ಕಿಯ ಕುಟ್ರೂ ಕುಟ್ರೂ ಕೇಳಿಯೇ ಎದ್ದವನು. ಅದು ಮರದಲ್ಲಿ ಎಲ್ಲಿ ಕೂತಿದೆ ಅಂತ ತೋರಿಸಲು ಬರಲಿಲ್ಲ. ಮಂಗಟ್ಟೆ ಹುಚ್ಚನ ಹಾಗೆ ನಗುವುದನ್ನು ಮಂಗ ಅಂದುಕೊಂಡಿದ್ದೆ. ನಾಚಿಕೆಯಾಯಿತು, ಆದರೆ ಹುಚ್ಚೂ ಹತ್ತಿತು. ಏಳು ಸಾವಿರ ಚಿಲ್ಲರೆ ಕೊಟ್ಟು ದುರ್ಬೀನು ತಗೊಂಡೆ. ಮನೆಯವಳಿಗೆ ನಾಲ್ಕು ಸಾವಿರ ಅಂದಿದ್ದೇನೆ.

ಒಂದು ಸಲ ಬ್ರಹ್ಮಗಿರಿ ಕಡೆಯ ರಸ್ತೆಯಲ್ಲಿ ದೊಡ್ಡದೊಂದು ಕಾಡು ಪಾರಿವಾಳ ಕಂಡು ‘ನೀಲಗಿರಿ ಪಾರಿವಾಳ’ ಅಂತ ಹಾಕಿದೆ. ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ, ಹೆಮ್ಮೆ ಬೇರೆ. ಎರಡು ವಾರಕ್ಕೆ ಪಟ್ಟಿ ಪರಿಶೀಲಿಸುವವರಿಂದ ಮೇಲ್ ಬಂತು. ಕುತ್ತಿಗೆಯ ಹಿಂದೆ ಚದುರಂಗದ ಮಣೆಯ ಹಾಗೆ ಕಪ್ಪು ಬಿಳುಪು ಚುಕ್ಕೆ ನೋಡಿದ್ರಾ? ಅಲ್ಲೇ ಇನ್ನೊಂದು ದೊಡ್ಡ ಪಾರಿವಾಳವೂ ಇದೆ, ಅದಲ್ಲ ಅಂತ ಹೇಗೆ ಗೊತ್ತಾಯಿತು? ಕುತ್ತಿಗೆ ನಾನು ನೋಡೇ ಇರಲಿಲ್ಲ. ‘ಯಾವುದೋ ಪಾರಿವಾಳ’ ಅಂತ ತಿದ್ದಿದೆ. ನಮ್ಮ ಆಫೀಸಿನ ಆಡಿಟರ್ ಕೂಡ ಇಷ್ಟು ಮರ್ಯಾದೆಯಿಂದ ತಪ್ಪು ಹಿಡಿದದ್ದಿಲ್ಲ.

ಬರೆದದ್ದು ಎಲ್ಲಿಗೆ ಹೋಗುತ್ತದೆ ಅನ್ನುವ ಪ್ರಶ್ನೆಗೆ ಇಲ್ಲಿ ನೇರ ಉತ್ತರ ಇದೆ. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿ ವರದಿ ಇಂಥ ಪಟ್ಟಿಗಳ ಮೇಲೇ ನಿಂತಿದೆ. 942 ಜಾತಿ ಹಕ್ಕಿಗಳ ಸ್ಥಿತಿಗತಿಯನ್ನು ಅದರಲ್ಲಿ ನೋಡಿದ್ದಾರೆ. ಬರೆದವರು ಮೂವತ್ತು ಸಾವಿರಕ್ಕೂ ಜಾಸ್ತಿ ಜನ, ಬಹಳಷ್ಟು ನನ್ನ ಹಾಗೆ ಬಿಡುವಿನಲ್ಲಿ ಎಣಿಸುವವರು. ಹುಲಿ ಗಣತಿಯ ಆರು ದಿನಕ್ಕೆ ಹೋಲಿಸಿದರೆ ರೋಮಾಂಚನ ಕಡಿಮೆ. ಆದರೆ ನಾನು ಹುಲಿಗೆ ಕೊಟ್ಟದ್ದು ಒಂದು ವಾರ, ಹಕ್ಕಿಗೆ ಕೊಟ್ಟದ್ದು ಈಗ ಏಳನೇ ವರ್ಷ. ಮಳೆ ಮುಗಿಯುತ್ತಾ ಬಂದಾಗ ನಮ್ಮ ಕಾಫಿ ಕಣಕ್ಕೆ ವಲಸೆ ಹಕ್ಕಿ ಬೂದು ಸಿಪಿಲೆ ಬಂದು ಬಾಲ ಕುಣಿಸುತ್ತದೆ. ಕೈಲ್‌ಪೋಳ್ದ್ ಹಬ್ಬದ ಹಿಂದೆಯೋ ಮುಂದೆಯೋ ಅಂತ ದಿನಾಂಕ ಬರೆದಿಡುತ್ತೇನೆ. ಲೆಡ್ಜರಿನ ಮೂಲೆಯಲ್ಲೇ.

ಮಾಕುಟ್ಟ ರಸ್ತೆ

ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಸಹಾಯ ಅಂತ ಹೋದದ್ದು. ವಿರಾಜಪೇಟೆಯಿಂದ ಕೇರಳಕ್ಕೆ ಇಳಿಯುವ ಘಾಟಿ. ಪೆರುಂಬಾಡಿ ದಾಟಿದರೆ ಎರಡೂ ಕಡೆ ದಟ್ಟ ಕಾಡು. ಜುಲೈ ತಿಂಗಳ ನಾಲ್ಕು ಭಾನುವಾರ, ಬೆಳಗ್ಗೆ ಆರೂವರೆಗೆ, ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಗಳನ್ನು ಎಣಿಸುವುದು. ಸಾರ್ವಜನಿಕ ರಸ್ತೆ ಆದ್ದರಿಂದ ನಡೆಯಲು ಯಾರನ್ನೂ ಕೇಳಬೇಕಾಗಿಲ್ಲ. ರಸ್ತೆ ಬಿಟ್ಟು ಅಭಯಾರಣ್ಯದೊಳಗೆ ಕಾಲಿಟ್ಟರೆ ಮಾತ್ರ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು.

ಇದಕ್ಕೆ ಗಟ್ಟಿ ಹೊಟ್ಟೆ ಬೇಕು. ಜಿಗಣೆ, ಜಡಿಮಳೆ, ತಿರುವಿನಲ್ಲಿ ಲಾರಿ. ಮೊದಲ ಭಾನುವಾರ 31 ಕಪ್ಪೆ, 2 ಹಾವು, ಒಂದು ಏಡಿ. ಜೊತೆಗೆ ಎರೆಹುಳು ಅಂತ ನಾನು ದಾಟಿ ಹೋದದ್ದೊಂದು. ವಿದ್ಯಾರ್ಥಿ ಬಗ್ಗಿ ಸ್ಕೇಲ್ ಇಟ್ಟು ಫೋಟೋ ತೆಗೆದ. ಅದು ಸಿಸಿಲಿಯನ್. ಕಾಲಿಲ್ಲದ, ಕಪ್ಪೆಯ ಬಳಗದ ಪ್ರಾಣಿ, ಮಣ್ಣಿನೊಳಗೇ ಬದುಕುವುದು. ನಲವತ್ತು ವರ್ಷ ಕೊಡಗಿನಲ್ಲಿ ಇದ್ದು ನಾನು ಮೊದಲು ನೋಡಿದ್ದು ಟೈರಿನಡಿ ಸಿಕ್ಕಿದ್ದನ್ನು.

ಮೂರನೇ ಭಾನುವಾರ ಬರೀ ನಾಲ್ಕು ಸಿಕ್ಕವು. ನಾನು ಖುಷಿಪಟ್ಟೆ. ವಿದ್ಯಾರ್ಥಿ ತಲೆ ಆಡಿಸಿದ. ಹಿಂದಿನ ರಾತ್ರಿ ಭಾರಿ ಮಳೆ ಸುರಿದಿತ್ತು, ನೀರಿನಲ್ಲಿ ಕೊಚ್ಚಿ ಹೋಗಿರಬಹುದು. ಬೆಳಕಾಗುವ ಮೊದಲೇ ಕಾಗೆ ಎತ್ತಿರಬಹುದು. ಪರೀಕ್ಷೆಗೆ ಅಂತ ಒಂದು ಸತ್ತ ಕಪ್ಪೆ ಇದ್ದ ಜಾಗವನ್ನು ಮೈಲಿಗಲ್ಲಿನಿಂದ ಹೆಜ್ಜೆ ಎಣಿಸಿ ಬರೆದುಕೊಂಡೆವು. ಚಹಾ ಕುಡಿದು ಎರಡು ಗಂಟೆಗೆ ತಿರುಗಿ ಬಂದರೆ ಕಪ್ಪೆ ಇಲ್ಲ, ಕಲೆಯೂ ಇಲ್ಲ. ಸತ್ತದ್ದು ಸುಳ್ಳಲ್ಲ, ನಮ್ಮ ಲೆಕ್ಕದಲ್ಲಿ ಇಲ್ಲ ಅಷ್ಟೇ.

ಉಪಯೋಗದ ಕೆಲಸ. ಎಲ್ಲಿ ಜಾಸ್ತಿ ಸಾಯುತ್ತವೆ ಅಂತ ಗೊತ್ತಾದರೆ ಅಲ್ಲಿ ಹಂಪ್ ಹಾಕಿಸಬಹುದು, ಮೋರಿ ಮಾಡಿಸಬಹುದು. ಆದರೆ ಮನಸ್ಸಿಗೆ ಭಾರ. ನಾಲ್ಕು ವಾರದ ಮೇಲೆ ನಾನು ಹೋಗಲಿಲ್ಲ.

ಹೊಳೆ ದಡ, ಹಿತ್ತಲ ಮರ

ಕಾವೇರಿ ದಡ ಗುಡಿಸಲು ಎರಡು ಸಲ ಹೋಗಿದ್ದೆ. ಬಾಟಲಿ, ಚಪ್ಪಲಿ, ಹಳೇ ಬಟ್ಟೆ. ಅರ್ಧ ದಿನಕ್ಕೆ 14 ಗೋಣಿ ತುಂಬಿದೆವು. ಅಲ್ಲಿಗೆ ಬಂದ ಎಲ್ಲರೂ ಫೋಟೋ ತೆಗೆದುಕೊಂಡರು. ಗೋಣಿ ಸಾಗಿಸಬೇಕಾದ ಗಾಡಿ ಮಾತ್ರ ಬರಲಿಲ್ಲ. ಮೂರು ದಿನ ಬಿಟ್ಟು ನೋಡಿದರೆ ನಾಯಿಗಳು ಆರು ಗೋಣಿ ಹರಿದಿದ್ದವು. ಮೈ ಬಗ್ಗಿಸಿ ಬೆವರಬೇಕು ಅನ್ನುವವರಿಗೆ, ಸ್ನೇಹಿತರ ಗುಂಪಿಗೆ ಇದು ಚೆನ್ನ. ಗಾಡಿ ಎಲ್ಲಿದೆ ಅಂತ ಮೊದಲು ಕೇಳಿ.

ಸೀಸನ್‌ವಾಚ್ ಇದಕ್ಕೆ ಪೂರ್ತಿ ಉಲ್ಟಾ. ಒಂದು ಮರ ಆರಿಸಿ ವಾರಕ್ಕೊಮ್ಮೆ ನೋಡಿ ಬರೆಯುವುದು. ಎಳೆ ಎಲೆ, ಬಲಿತ ಎಲೆ, ಮೊಗ್ಗು, ಹೂವು, ಕಾಯಿ, ಹಣ್ಣು. ಪ್ರತಿಯೊಂದಕ್ಕೂ ಇಲ್ಲ, ಸ್ವಲ್ಪ, ತುಂಬ ಅಂತ ಮೂರೇ ಉತ್ತರ. ನನ್ನ ಮಗಳು ಹಿತ್ತಲ ಹಲಸನ್ನು ಆರಿಸಿದಳು. ಎರಡು ನಿಮಿಷದ ಕೆಲಸ, ಖರ್ಚು ಸೊನ್ನೆ. ತಿಂಗಳುಗಟ್ಟಲೆ ‘ಇಲ್ಲ, ಇಲ್ಲ, ಇಲ್ಲ’ ಅಂತಲೇ ಬರೆಯಬೇಕು. ನನಗೆ ಬೇಜಾರು ಬಂತು. ಅವಳಿಗೆ ಬರಲಿಲ್ಲ. ಶನಿವಾರ ಮಳೆ ಬಂದರೆ ಕೊಡೆ ಹಿಡಿದು ಹೋಗಿ ನೋಡುತ್ತಾಳೆ.

ಅಕ್ಕನ ಮಗಳಿಗೆ ಹೇಳಿದ್ದು

ಹಕ್ಕಿಯಿಂದ ಶುರು ಮಾಡು. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಇದೆ, ಕಾಯುವುದು ಏನೂ ಇಲ್ಲ. ಇಲ್ಲಿಗೆ ಬಂದಾಗ ನಮ್ಮ ಊರಿನ ದೇವರಕಾಡಿಗೆ ಕರೆದುಕೊಂಡು ಹೋಗುತ್ತೇನೆ. ದೊಡ್ಡ ಮರ ಉಳಿದಿರುವುದೇ ಅಲ್ಲಿ. ಒಂದು ವರ್ಷ ಬಿಡದೆ ಪಟ್ಟಿ ಹಾಕಿದರೆ ಆಮೇಲೆ ಹುಲಿ ಗಣತಿಗೆ ಅರ್ಜಿ ಹಾಕು. ಅಷ್ಟರಲ್ಲಿ ಸುಮ್ನೆ ನಿಲ್ಲುವುದು ಅಭ್ಯಾಸ ಆಗಿರುತ್ತದೆ. ಅದು ಬಾರದೆ ಕಾಡಿಗೆ ಹೋದರೆ ವಾಚರ್‌ಗಳಿಗೆ ನೀನೇ ಒಂದು ಹೊರೆ. ನಾನು ಆಗಿದ್ದ ಹಾಗೆ. ರಸ್ತೆಯ ಕೆಲಸಕ್ಕೆ ಮನಸ್ಸು ಗಟ್ಟಿ ಇದ್ದರೆ ಮಾತ್ರ. ದುಡ್ಡು ಕೇಳುವ ಕಡೆ ಆ ಒಂದು ಪ್ರಶ್ನೆ ಕೇಳು.

‘ಮಾಮ, ನಿಮ್ಮ ಆನೆ ಕಾವಲಿನ ವಾಟ್ಸಾಪ್ ಗುಂಪಿಗೆ ನನ್ನನ್ನೂ ಸೇರಿಸು’ ಅಂದಳು. ಅದಕ್ಕೆ ಆಗಲ್ಲ ಅಂದೆ.

ಆನೆ ಗುಂಪು

ನಮ್ಮ ಕಡೆ ಆನೆ ಅಂದರೆ ನೋಡಲು ಹೋಗುವ ಪ್ರಾಣಿಯಲ್ಲ. ಅದೇ ಬರುತ್ತದೆ. ಹಲಸಿನ ಕಾಲಕ್ಕೆ, ಭತ್ತ ಬಲಿತಾಗ. ಕೆಲವು ತೋಟ ಬಿಟ್ಟು ಹೋಗುವುದೇ ಇಲ್ಲ. ಲದ್ದಿಯಲ್ಲಿ ಕಾಫಿ ಬೀಜ ಸಿಗುತ್ತದೆ. ಬೆಳಗ್ಗೆ ಕೆಲಸದವರು ಲೈನ್ ಮನೆಯಿಂದ ಹೊರಡುವ ಮೊದಲು, ಶಾಲೆ ಮಕ್ಕಳು ರಸ್ತೆಗೆ ಬರುವ ಮೊದಲು ಆನೆ ಎಲ್ಲಿದೆ ಅಂತ ಗೊತ್ತಾಗಬೇಕು. ಅದಕ್ಕೊಂದು ವಾಟ್ಸಾಪ್ ಗುಂಪು. ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರ್‌ಗಳು, ಜೀಪಿನವರು, ಅರಣ್ಯ ಇಲಾಖೆ ಸಿಬ್ಬಂದಿ, ನಮ್ಮಂಥ ನಾಲ್ಕೈದು ಜನ. 2022ರಲ್ಲಿ ಸರ್ಕಾರ ಕೊಡಗಿಗೂ ಆನೆ ಕಾರ್ಯಪಡೆ ಮಾಡಿತು. ಓಡಿಸುವುದು ಅವರ ಕೆಲಸ. ನಮ್ಮದು ನೋಡಿ ತಿಳಿಸುವುದು.

ಇಲ್ಲಿ ತರಬೇತಿ ಇಲ್ಲ, ಪ್ರಮಾಣಪತ್ರ ಇಲ್ಲ, ರಜೆ ಇಲ್ಲ. ರಾತ್ರಿ ಎರಡು ಗಂಟೆಗೂ ಫೋನ್ ಗುಂಯ್ ಅನ್ನುತ್ತದೆ. ಅರ್ಧ ಸುದ್ದಿ ಸುಳ್ಳು. ಯಾವುದೋ ಊರಿನ ಹಳೇ ವಿಡಿಯೋ ಹಾಕಿ ‘ಈಗಷ್ಟೇ, ನಮ್ಮ ಗೇಟಲ್ಲಿ’ ಅನ್ನುವವರೂ ಇದ್ದಾರೆ. ಖುಷಿಗೆ ಅಂತ ಮಾಡುವ ಕೆಲಸವೇ ಅಲ್ಲ. ಆದರೆ ನಾನು ಬರೆದ ಒಂದು ಸಾಲನ್ನು ಹತ್ತು ನಿಮಿಷದೊಳಗೆ ಯಾರೋ ಓದಿ, ಅದರ ಮೇಲೆ ನಡೆದುಕೊಳ್ಳುವುದು ಇಲ್ಲಿ ಮಾತ್ರ. ಹುಲಿಯ ಹಾಳೆಗೆ ಉತ್ತರ ಬರಲು ಒಂದೂವರೆ ವರ್ಷ ಬೇಕಾಯಿತು.

ಎರಡು ವರ್ಷದ ಹಿಂದೆ, ಜೂನ್. ಬೆಳಗ್ಗೆ ಏಳಕ್ಕೆ ಪಕ್ಕದ ತೋಟದ ಕೆರೆ ತನಕ ಹೋಗಿ ನೋಡಿದೆ. ಸದ್ದಿಲ್ಲ, ಮುರಿದ ಕೊಂಬೆ ಇಲ್ಲ. ಗುಂಪಿಗೆ ಹಾಕಿದೆ: ‘ಕೆರೆ ಹತ್ತಿರ ಆನೆ ಇಲ್ಲ.’ ಎಂಟಕ್ಕೆ ಆರು ಜನ ಹೆಂಗಸರು ಕಳೆ ತೆಗೆಯಲು ಅದೇ ದಾರಿಯಲ್ಲಿ ಹೋದರು. ಕೆರೆಯಿಂದ ಇಪ್ಪತ್ತು ಅಡಿ ಮೇಲೆ ರೊಬಸ್ಟಾ ಕಾಫಿ ಗಿಡಗಳ ನಡುವೆ ಒಂಟಿ ಸಲಗ ನಿಂತಿತ್ತು. ರೊಬಸ್ಟಾ ಎತ್ತರಕ್ಕೆ ಬೆಳೆದ ತೋಟದಲ್ಲಿ ಆನೆ ಕಿವಿ ಆಡಿಸದೆ ನಿಂತರೆ ಹತ್ತಿರ ಹೋದರೂ ಕಾಣಲ್ಲ. ಅದು ನುಗ್ಗಿತು. ಎಲ್ಲರೂ ಓಡಿದರು. ಒಬ್ಬರು ಕಡಂಗಕ್ಕೆ, ಅಂದರೆ ಕಂದಕಕ್ಕೆ, ಬಿದ್ದರು. ಕೈ ಮುರಿಯಿತು. ಆನೆ ಕಡಂಗದ ಅಂಚಿಗೆ ಬಂದು ನಿಂತು, ತಿರುಗಿ ಹೋಯಿತು.

ಆಸ್ಪತ್ರೆಗೆ ಹೋದೆ. ಅವರು ಬೈಯಲಿಲ್ಲ. ‘ನೀವು ಇಲ್ಲ ಅಂದಿದ್ರಲ್ಲ ಅಣ್ಣ’ ಅಂದರು. ಅಷ್ಟೇ.

ಗೆರೆಯ ಮೇಲೆ ನಡೆದು ದೂರ ಅಳೆದವನು ನಾನು. ಪಾರಿವಾಳದ ಕುತ್ತಿಗೆ ನೋಡದೆ ಬರೆದು ತಿದ್ದಿಕೊಂಡವನು. ಕಪ್ಪೆ ಎರಡು ಗಂಟೆಯಲ್ಲಿ ಮಾಯವಾದದ್ದನ್ನು ಕಣ್ಣಾರೆ ಕಂಡವನು. ಆದರೂ ಅವತ್ತು ಬರೆದದ್ದು ‘ಇಲ್ಲ’. ಬರೆಯಬೇಕಿದ್ದದ್ದು ‘ನನಗೆ ಕಂಡಿಲ್ಲ’.

ಆಮೇಲೆ ಒಂದು ತಿಂಗಳು ಗುಂಪಿನಲ್ಲಿ ಏನೂ ಹಾಕಲಿಲ್ಲ. ರೈಟರ್ ಮನೆಗೇ ಬಂದು, ನೀವು ಹಾಕದಿದ್ದರೆ ಆ ಕೆರೆ ಕಡೆ ಯಾರೂ ನೋಡೋರೇ ಇಲ್ಲ ಅಂದರು. ಈಗ ಗುಂಪಿನಲ್ಲಿ ಎಲ್ಲರೂ ಹೀಗೇ ಬರೆಯುತ್ತೇವೆ: ಎಷ್ಟು ಹೊತ್ತಿಗೆ ಹೋದೆ, ಎಲ್ಲಿಯ ತನಕ ಹೋದೆ, ಏನು ಕಂಡೆ, ಎಲ್ಲಿ ನೋಡಲು ಆಗಲಿಲ್ಲ. ಇವತ್ತು ಬೆಳಗ್ಗೆ ನಾನು ಹಾಕಿದ್ದು:

‘6.50. ಕೆರೆ ಏರಿ ತನಕ ಹೋಗಿದ್ದೆ. ಆನೆ ಕಂಡಿಲ್ಲ. ಪಂಪ್ ಮನೆ ಹತ್ತಿರ ಲದ್ದಿ ಇದೆ, ಹಸಿ. ಮೇಲಿನ ರೊಬಸ್ಟಾ ಬ್ಲಾಕ್ ನೋಡಿಲ್ಲ. ಆ ಕಡೆ ಯಾರೂ ಹೋಗಬೇಡಿ.’